ವಲಯ ಕುಸಿದಾಗ ಸರ್ವರ್ ಬದಲಾವಣೆ: ಸ್ವಯಂಚಾಲನೆಯ ಬಲ ಮತ್ತು ಮಿತಿ

ಅಮೆಜಾನ್ ಸಂಸ್ಥೆಯು ತನ್ನ ಕ್ಲೌಡ್ ಸೇವೆಯಲ್ಲಿ ‘ಅವೈಲಬಿಲಿಟಿ ಜೋನ್’ ಎಂಬ ಪ್ರತ್ಯೇಕ ವಲಯಗಳನ್ನು ಗ್ರಾಹಕರಿಗೆ ಒದಗಿಸಿದ್ದು 2008ರಲ್ಲಿ. ಪ್ರತಿ ವಲಯಕ್ಕೂ ಸ್ವಂತ ವಿದ್ಯುತ್ ವ್ಯವಸ್ಥೆ, ಶೀತಲೀಕರಣ ಹಾಗೂ ಜಾಲ ಸಂಪರ್ಕವಿರುತ್ತದೆ. ಒಂದೇ ಪ್ರದೇಶದ ವಲಯಗಳು ಪರಸ್ಪರ 100 ಕಿ.ಮೀ. ಒಳಗಿರುತ್ತವೆ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದು ಉಳಿಯುವಷ್ಟು ದೂರ, ಮಾಹಿತಿಯು ಕೆಲವೇ ಮಿಲಿಸೆಕೆಂಡುಗಳಲ್ಲಿ ತಲುಪುವಷ್ಟು ಹತ್ತಿರ. 2016ರಲ್ಲಿ ಆರಂಭವಾದ ಮುಂಬಯಿ, 2022ರಲ್ಲಿ ಆರಂಭವಾದ ಹೈದರಾಬಾದ್ ಪ್ರದೇಶಗಳೂ ಇದೇ ಮಾದರಿಯವು.

ಒಂದು ವಲಯ ಕುಸಿದಾಗ ಅಲ್ಲಿನ ಅಪ್ಲಿಕೇಷನ್ ಸರ್ವರ್‌ಗಳ ಹೊಣೆಯನ್ನು ಮತ್ತೊಂದು ವಲಯದ ಸರ್ವರ್‌ಗಳು ವಹಿಸಿಕೊಳ್ಳುವುದಕ್ಕೆ ‘ಫೇಲ್‌ಓವರ್’ ಎಂದು ಹೆಸರು. ಮುಂಭಾಗದ ಲೋಡ್ ಬ್ಯಾಲೆನ್ಸರ್ ಪ್ರತಿ ಸರ್ವರ್‌ನ ನಾಡಿಯನ್ನು ನಿಯತವಾಗಿ ಪರೀಕ್ಷಿಸುತ್ತಿರುತ್ತದೆ. 30 ಸೆಕೆಂಡಿಗೊಮ್ಮೆ ಪರೀಕ್ಷೆ, ಸತತ 2 ಬಾರಿ ಉತ್ತರ ಬಾರದಿದ್ದರೆ ಆ ಸರ್ವರ್ ಹೊರಕ್ಕೆ ಎಂಬ ನಿಯಮವಿದ್ದರೆ, ಸುಮಾರು ಒಂದು ನಿಮಿಷದಲ್ಲಿ ಬಳಕೆದಾರರ ಕೋರಿಕೆಗಳು ಬೇರೆಡೆ ತಿರುಗುತ್ತವೆ. ಇದು ಸುಲಭದ ಭಾಗ. ಲಾಗಿನ್ ವಿವರ, ಅರ್ಧ ತುಂಬಿದ ಖರೀದಿ ಪಟ್ಟಿ ಮುಂತಾದವು ಸರ್ವರ್‌ನ ಸ್ಮೃತಿಯಲ್ಲೇ ಇದ್ದರೆ ಅದರೊಡನೆಯೇ ಅಳಿಯುತ್ತವೆ. ಅವನ್ನು ಬೇರೆ ವಲಯದಲ್ಲೂ ಪ್ರತಿಯುಳ್ಳ ದತ್ತಸಂಚಯದಲ್ಲಿ ಇಡುವುದು ಅಗತ್ಯ.

ಮುಂದಿನದು ಲೆಕ್ಕಾಚಾರ. ಕೆಲಸಕ್ಕೆ 6 ಸರ್ವರ್‌ಗಳು ಬೇಕೆಂದಿಟ್ಟುಕೊಳ್ಳಿ. ಎರಡು ವಲಯಗಳಲ್ಲಿ ತಲಾ 3 ಇಟ್ಟರೆ, ಒಂದು ವಲಯ ಹೋದೊಡನೆ ಉಳಿದ ಮೂರರ ಮೇಲೆ ಇಮ್ಮಡಿ ಹೊರೆ ಬಿದ್ದು ಅವೂ ನೆಲಕಚ್ಚುತ್ತವೆ. ತಲಾ 6 ಇಡುವುದಾದರೆ 12 ಬೇಕು. ಮೂರು ವಲಯಗಳಲ್ಲಿ ತಲಾ 3 ಇಟ್ಟರೆ 9 ಸಾಕು. ವೆಚ್ಚ ಉಳಿಸಲೆಂದು ‘ಅಗತ್ಯ ಬಿದ್ದಾಗ ಹೊಸ ಸರ್ವರ್ ತಾನಾಗಿಯೇ ಆರಂಭವಾಗಲಿ’ ಎಂದು ಬರೆದಿಡುವ ಪರಿಪಾಠವೂ ಉಂಟು. ಅಪಾಯವಿರುವುದು ಅಲ್ಲಿಯೇ: ಆಪತ್ತಿನ ಗಳಿಗೆಯಲ್ಲಿ ಹೊಸ ಸರ್ವರ್ ಕೊಡಬೇಕಾದ ಯಂತ್ರಾಂಗವೇ ಆಪತ್ತಿಗೆ ಸಿಲುಕಿರಬಹುದು.

ಇದಕ್ಕೆ ನಿದರ್ಶನಗಳಿವೆ. 2012ರ ಜೂನ್ 29ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಬಿರುಗಾಳಿಯಿಂದ ವಿದ್ಯುತ್ ಏರುಪೇರಾಗಿ, ಅಮೆಜಾನ್‌ನ ಒಂದು ದತ್ತಾಂಶ ಕೇಂದ್ರದ ಜನರೇಟರ್‌ಗಳು ಕೈಕೊಟ್ಟವು. ತೊಂದರೆ ಒಂದೇ ವಲಯಕ್ಕೆ ಸೀಮಿತವಾಗಿತ್ತು. ಆದರೆ ಲೋಡ್ ಬ್ಯಾಲೆನ್ಸರ್‌ಗಳ ನಿಯಂತ್ರಣ ತಂತ್ರಾಂಶದಲ್ಲಿ ಆದೇಶಗಳು ರಾಶಿಬಿದ್ದು, ಇತರ ವಲಯಗಳಿಗೆ ತಿರುಗಿಸುವ ಕೆಲಸವೇ ವಿಳಂಬವಾಯಿತು. ನೆಟ್‌ಫ್ಲಿಕ್ಸ್‌ನಂತಹ ಸನ್ನದ್ಧ ಸಂಸ್ಥೆಯೂ ಬಾಧಿತವಾಯಿತು.

2025ರ ಅಕ್ಟೋಬರ್ 20ರ ಘಟನೆ ಇನ್ನೂ ವಿಲಕ್ಷಣ. ಅದೇ ವರ್ಜೀನಿಯಾ ಪ್ರದೇಶದಲ್ಲಿ, ಡೈನಮೋಡಿಬಿ ದತ್ತಸಂಚಯದ ವಿಳಾಸಗಳನ್ನು ನಿರ್ವಹಿಸುವ ಸ್ವಯಂಚಾಲಿತ ವ್ಯವಸ್ಥೆಯ ಸುಪ್ತ ದೋಷದಿಂದ ವಿಳಾಸ ದಾಖಲೆಯೇ ಖಾಲಿಯಾಯಿತು. ಅದನ್ನು ಅವಲಂಬಿಸಿದ್ದ ಹೊಸ ಸರ್ವರ್ ಆರಂಭಿಸುವ ಸೇವೆ ಗಂಟೆಗಟ್ಟಲೆ ಕುಂಟಿತು. ಮೊದಲೇ ಚಾಲನೆಯಲ್ಲಿದ್ದ ಸರ್ವರ್‌ಗಳು ಮಾತ್ರ ಅಬಾಧಿತವಾಗಿದ್ದವು. ಇಷ್ಟು ಸಾಲದೆಂಬಂತೆ, ಜಾಲ ಸಂಪರ್ಕ ಪೂರ್ಣವಾಗಿ ಸಿದ್ಧವಾಗದ ಹೊಸ ಸರ್ವರ್‌ಗಳು ನಾಡಿ ಪರೀಕ್ಷೆಯಲ್ಲಿ ಒಮ್ಮೆ ಉತ್ತೀರ್ಣ, ಒಮ್ಮೆ ಅನುತ್ತೀರ್ಣವಾಗತೊಡಗಿದವು. ಪರಿಣಾಮವಾಗಿ ಸ್ವಯಂಚಾಲಿತ ಫೇಲ್‌ಓವರ್ ವ್ಯವಸ್ಥೆಯು ಕೆಲಸಕ್ಕೆ ಬರುವ ಸಾಮರ್ಥ್ಯವನ್ನೂ ಸೇವೆಯಿಂದ ಹೊರದೂಡಿತು. ಕಡೆಗೆ ಎಂಜಿನಿಯರುಗಳು ಆ ಸ್ವಯಂಚಾಲನೆಯನ್ನೇ ಕೈಯಾರೆ ನಿಲ್ಲಿಸಬೇಕಾಯಿತು!

ಆದುದರಿಂದ ಅನುಭವಿಗಳು ಹೆಚ್ಚುವರಿ ಸಾಮರ್ಥ್ಯವನ್ನು ಮೊದಲೇ ಚಾಲನೆಯಲ್ಲಿಟ್ಟಿರುತ್ತಾರೆ. ತುಸು ದುಬಾರಿ, ನಿಜ. ಆದರೆ ವಲಯ ಬಿದ್ದಾಗ ಹೊಸದಾಗಿ ಏನನ್ನೂ ಕೇಳಬೇಕಾಗುವುದಿಲ್ಲ. ಅಮೆಜಾನ್ 2023ರಲ್ಲಿ ಒದಗಿಸಿದ ‘ಜೋನಲ್ ಆಟೋಶಿಫ್ಟ್’ ಸೌಲಭ್ಯದಲ್ಲಿ ವಾರಕ್ಕೊಮ್ಮೆ ಸುಮಾರು 30 ನಿಮಿಷ ಒಂದು ವಲಯವನ್ನು ಬಳಕೆಯಿಂದ ಬಿಡಿಸಿ ನೋಡುವ ತಾಲೀಮು ಸೇರಿದೆ. ಉಳಿದ ವಲಯಗಳ ಸಾಮರ್ಥ್ಯ ಸಾಲದಿದ್ದರೆ ಅದು ಬಿರುಗಾಳಿಯ ರಾತ್ರಿಯಲ್ಲಲ್ಲದೆ, ಎಂಜಿನಿಯರುಗಳು ಕಚೇರಿಯಲ್ಲಿರುವ ಸಾಮಾನ್ಯ ದಿನದಂದೇ ಬಯಲಾಗುತ್ತದೆ.