ಬೇಜಾರಿನ ಪ್ಲೇಲಿಸ್ಟ್, ಭಾಗ 4: ಕಾರವಾರದ ಕಡಲು, ಟಾಗೋರರ ಹಾಡು

ತಾವೇ ಬರೆದು, ತಾವೇ ರಾಗ ಹಾಕಿ ಹಾಡೋರ ಆಲ್ಬಮ್ ಬೇಕು ಅಂದ್ರೆ ನಾವು ಹೊರದೇಶದವರನ್ನೇ ಹುಡುಕ್ತೀವಿ. ಅಂಥವರೊಬ್ಬರು ನಮ್ಮ ಕಾರವಾರದಲ್ಲೇ ಇದ್ರು: ರವೀಂದ್ರನಾಥ ಟಾಗೋರ್.

1883. ಅವರಿಗಾಗ 22, ನಮಗಿಂತ ಎರಡೇ ವರ್ಷ ದೊಡ್ಡವರು. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ಸಣ್ಣ ದೋಣಿಯಲ್ಲಿ ಕಾಳಿ ನದಿ ಸುತ್ತಿ ಬಂದರು. ಮಾಜಾಳಿಯಿಂದ ಕಾರವಾರಕ್ಕೆ ಹೋಗುವಾಗ ನಾವು ದಾಟೋ ಅದೇ ಕಾಳಿ! ಅಳಿವೆ ಹತ್ತಿರ ಇಳಿದು ಮರಳಲ್ಲೇ ಮನೆತನಕ ನಡೆದರು. ಆ ರಾತ್ರಿ ಟಾಗೋರರಿಗೆ ನಿದ್ದೆ ಬರಲಿಲ್ಲ, ಕವಿತೆ ಬರೆದರು.

‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲೇ. ಎಲ್ಲ ನಂಟು ಕಡಿದುಕೊಂಡೆ ಅಂದುಕೊಂಡ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯ ಪ್ರೀತಿ ವಾಪಸ್ ಎಳೆಯುವ ಕಥೆ. ಅದರ ಕೆಲವು ಹಾಡು ಹುಟ್ಟಿದ್ದು ಇಲ್ಲಿಂದ ಮರಳುವಾಗ, ಹಡಗಿನ ಡೆಕ್ ಮೇಲೆ.

ಮುಂದೆ ಅವರು ಮಾಡಿದ ಹಾಡು 2000ದ ಹತ್ತಿರ ಹತ್ತಿರ. ಎಲ್ಲಿಂದ ಶುರು ಮಾಡೋದು? ದೇಬಬ್ರತ ಬಿಸ್ವಾಸ್ ಹಾಡಿದ ರೆಕಾರ್ಡಿಂಗ್ ಕೇಳಿ. ಭಾರವಾದ ದನಿ, ಅವಸರವೇ ಇಲ್ಲ. ಬಂಗಾಳಿ ಬರದಿದ್ರೂ ಪರವಾಗಿಲ್ಲ.

ಟಾಗೋರ್ ಬೀಚಲ್ಲಿ ಫೋಟೋ ತೆಗೆಸ್ಕೊಳ್ಳದವರು ಯಾರಿದ್ದಾರೆ? ಆದ್ರೆ ಜನಗಣಮನ ಬಿಟ್ಟು ಅವರ ಇನ್ನೊಂದು ಹಾಡು ಕೇಳಿದೋರು ಎಷ್ಟು ಜನ? ಕಾಮೆಂಟಲ್ಲಿ ಹೇಳಿ.