ಬಂದರಿಲ್ಲದ ಪಟ್ಟಣ, ಅಲೆ ದಾಟಿಸಿದ ದೋಣಿಗಾರರು

ಮದರಾಸು ತನ್ನ ಚರಿತ್ರೆಯ ಮೊದಲ ಎರಡೂವರೆ ಶತಮಾನಗಳಲ್ಲಿ ಬಂದರಿಲ್ಲದ ಬಂದರು ಪಟ್ಟಣವಾಗಿತ್ತು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ, ವಿಜಯನಗರದ ಅರವೀಡು ಅರಸರಿಗೆ ಅಧೀನನಾಗಿದ್ದ ದಾಮರ್ಲ ವೆಂಕಟಾದ್ರಿ ನಾಯಕನಿಂದ ಕೋಟೆ ಕಟ್ಟಲು ಅನುಮತಿ ಪಡೆದ ಜಾಗವು ತೆರೆದ ಕಡಲಿಗೆ ಎದೆಯೊಡ್ಡಿ ಉತ್ತರ ದಕ್ಷಿಣವಾಗಿ ಚಾಚಿದ್ದ ಒಂದು ಮರಳು ಪಟ್ಟಿಯಾಗಿತ್ತು. ಅಲ್ಲಿ ಹಡಗಿಗೆ ಆಸರೆ ಕೊಡುವ ಕೊಲ್ಲಿಯಾಗಲಿ ದ್ವೀಪವಾಗಲಿ ಇರಲಿಲ್ಲ. ಹತ್ತಿರದ ಕೂವಂ ನದಿಯ ಅಳಿವೆಯನ್ನು, ಅಂದರೆ ನದಿ ಕಡಲನ್ನು ಸೇರುವ ಬಾಯಿಯನ್ನು, ಮರಳು ಪದೇ ಪದೇ ಮುಚ್ಚುತ್ತಿತ್ತು. ಒಳನಾಡಿನ ನೇಕಾರರ ಬಟ್ಟೆ ಅಗ್ಗವಾಗಿ ದೊರೆಯುತ್ತದೆ ಎಂಬ ವ್ಯಾಪಾರದ ಲೆಕ್ಕವೇ ಮೇಲಾಗಿ, 1640ರಲ್ಲಿ ಅಲ್ಲಿ ಸೇಂಟ್ ಜಾರ್ಜ್ ಕೋಟೆಯ ಕೆಲಸ ಆರಂಭವಾಯಿತು. ಅಂದಿನಿಂದ ಯುರೋಪಿನ ಪ್ರತಿಯೊಂದು ಹಡಗೂ ದಡದಿಂದ ಮೈಲು ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕಾಯಿತು. ಹಡಗಿಗೂ ದಡಕ್ಕೂ ನಡುವಿನ ಕೆಲವೇ ನೂರು ಗಜಗಳ ನೊರೆನೀರನ್ನು ದಾಟಿಸುವ ಹೊಣೆ ಸ್ಥಳೀಯ ದೋಣಿಗಾರರ ಪಾಲಿಗೆ ಬಂದಿತು. ಕಂಪನಿಯ ದಾಖಲೆಗಳಲ್ಲಿ ಗವರ್ನರುಗಳ, ವರ್ತಕರ, ಸೇನಾಪತಿಗಳ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಆ ಪಟ್ಟಣವನ್ನು ದಿನದಿನವೂ ಲೋಕಕ್ಕೆ ಜೋಡಿಸುತ್ತಿದ್ದುದು ಒಡೆಯುವ ಅಲೆಯನ್ನು ಓದಬಲ್ಲವರ ವಿದ್ಯೆ ಎಂಬುದನ್ನು ಮದರಾಸಿನ ಚರಿತ್ರೆ ಇನ್ನೂ ತಕ್ಕ ಮಟ್ಟಿಗೆ ಒಪ್ಪಿಕೊಂಡಿಲ್ಲ.

ಆ ವಿದ್ಯೆಯ ತೂಕ ತಿಳಿಯಬೇಕಾದರೆ ಮರಳು ದಂಡೆಯ ಅಲೆಯ ಸ್ವಭಾವವನ್ನು ಮೊದಲು ಅರಿಯಬೇಕು. ಆಳ ಕಡಲಲ್ಲಿ ಹುಟ್ಟಿದ ಅಲೆ ದಡವನ್ನು ಸಮೀಪಿಸುತ್ತ ಆಳ ಕಡಿಮೆಯಾದಂತೆ ನಿಧಾನವಾಗುತ್ತದೆ, ಹಿಂದಿನ ಅಲೆಗೂ ಅದಕ್ಕೂ ಇರುವ ಅಂತರ ಕುಗ್ಗುತ್ತದೆ, ಎತ್ತರ ಏರುತ್ತದೆ. ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅದರ ನೆತ್ತಿ ಬುಡಕ್ಕಿಂತ ಮುಂದೆ ಬಾಗಿ ಒಡೆಯುತ್ತದೆ. ಕಲ್ಲಿನ ಹಾಸಿನ ಮೇಲೆ ಒಡೆಯುವ ಅಲೆಗೆ ಒಂದು ನಿಶ್ಚಿತ ಜಾಗವಿರುತ್ತದೆ. ಮರಳು ತಳದ ಮೇಲೆ ಒಡೆಯುವ ಅಲೆಗೆ, ಇಂದಿನ ಸರ್ಫಿಂಗ್ ಭಾಷೆಯಲ್ಲಿ ಬೀಚ್ ಬ್ರೇಕ್ ಎಂದು ಕರೆಯುವುದಕ್ಕೆ, ಅಂಥ ಕಾಯಂ ನೆಲೆಯಿಲ್ಲ, ಏಕೆಂದರೆ ನೀರಿನೊಳಗಿನ ಮರಳು ದಿಬ್ಬಗಳು ಪ್ರತಿ ಬಿರುಗಾಳಿಯ ಬಳಿಕ, ಕೆಲವೊಮ್ಮೆ ವಾರದೊಳಗೇ, ಜಾಗ ಬದಲಿಸುತ್ತವೆ. ಮದರಾಸಿನ ಎದುರು ಇಂಥ ದಿಬ್ಬಗಳು ದಡಕ್ಕೆ ಸಮಾನಾಂತರವಾಗಿ ಸಾಲುಗಟ್ಟಿದ್ದುದರಿಂದ ಶಾಂತ ದಿನಗಳಲ್ಲೂ ಅಲೆಗಳು ಒಂದಕ್ಕಿಂತ ಹೆಚ್ಚು ಸಾಲುಗಳಲ್ಲಿ ಒಡೆಯುತ್ತಿದ್ದವು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಕಾಲದಲ್ಲಿ ಸಾಲುಗಳು ಹೆಚ್ಚಿ, ದಡಕ್ಕೂ ಹಡಗಿಗೂ ಸಂಪರ್ಕವೇ ಕಡಿದುಹೋಗುವುದಿತ್ತು. 1746ರಲ್ಲಿ ಫ್ರೆಂಚ್ ನೌಕಾನಾಯಕ ಲಾ ಬೂರ್ದೊನೆ ಮದರಾಸನ್ನು ಸುಲಭವಾಗಿ ಗೆದ್ದನಾದರೂ, ಅಕ್ಟೋಬರಿನ ಬಿರುಗಾಳಿ ತೆರೆದ ಲಂಗರುದಾಣದಲ್ಲಿದ್ದ ಅವನ ಹಡಗುಗಳ ಮೇಲೆರಗಿ ನೌಕಾಪಡೆಯನ್ನು ಧ್ವಂಸಗೊಳಿಸಿತು.

ಇಂಥ ಕಡಲಿನಲ್ಲಿ ಯುರೋಪಿನ ಹಡಗುಗಳ ದೋಣಿಗಳು ಕೆಲಸಕ್ಕೆ ಬರಲಿಲ್ಲ. ಓಕ್ ಮರದ ಹಲಗೆಗಳನ್ನು ಗಟ್ಟಿ ಪಕ್ಕೆಲುಬುಗಳಿಗೆ ಮೊಳೆ ಹೊಡೆದು ಕೂರಿಸಿದ ಆ ದೋಣಿಗಳು ಮರಳಿಗೆ ಬಡಿದೊಡನೆ ಸೀಳಿಹೋಗುತ್ತಿದ್ದವು. ಅವುಗಳ ಬದಲಿಗೆ ಬಳಕೆಯಾದ ಮಸೂಲಾ ದೋಣಿ ಬೇರೊಂದು ತತ್ತ್ವದ ಮೇಲೆ ನಿಂತಿತ್ತು. ತೆಳುವಾದ ಅಗಲ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಸಂದುಗಳಿಗೆ ನಾರು ಅಥವಾ ಹುಲ್ಲಿನ ಮೆತ್ತೆ ಇಟ್ಟು, ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ಈ ದೋಣಿಯಲ್ಲಿ ಮೊಳೆಯೂ ಇರಲಿಲ್ಲ, ಪಕ್ಕೆಲುಬೂ ಇರಲಿಲ್ಲ. ಆದ್ದರಿಂದ ತಳ ಮರಳಿಗೆ ಅಪ್ಪಳಿಸಿದಾಗ ಇಡೀ ಒಡಲು ಬಳುಕಿ ಪೆಟ್ಟನ್ನು ಹಂಚಿಕೊಳ್ಳುತ್ತಿತ್ತು. ಹೊಲಿಗೆಯ ಸಂದುಗಳಿಂದ ನೀರು ಒಸರುತ್ತಲೇ ಇದ್ದುದರಿಂದ ಅದನ್ನು ಮೊಗೆದು ಚೆಲ್ಲುವುದಕ್ಕೇ ದೋಣಿಯಲ್ಲಿ ಒಬ್ಬನಿರುತ್ತಿದ್ದ. ದೋಣಿಯ ಬದಿಗಳು ಎತ್ತರವಾಗಿದ್ದವು. ಹುಟ್ಟುಗಳೆಂದರೆ ಉದ್ದ ಕೋಲಿನ ತುದಿಗೆ ಅಗಲವಾದ ಹಲಗೆ ಕಟ್ಟಿದವು. ಹದಿನೇಳನೆಯ ಶತಮಾನದಲ್ಲಿ ಬಂಗಾಳ ಕೊಲ್ಲಿಯ ಕರಾವಳಿಯಲ್ಲಿ ವ್ಯಾಪಾರ ಮಾಡಿದ ಥಾಮಸ್ ಬೌರಿ ಈ ದೋಣಿಯನ್ನು ಚಿತ್ರಸಹಿತ ವರ್ಣಿಸಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳ ಕುರಿತ ತನ್ನ ಅಧ್ಯಯನದಲ್ಲಿ ಕೋರಮಂಡಲ ಕರಾವಳಿಯ ಈ ಪರಂಪರೆಗೆ ಮಹತ್ವದ ಸ್ಥಾನ ಕೊಟ್ಟಿದ್ದಾನೆ. ಇಷ್ಟು ದೀರ್ಘ ಕಾಲ ರಚನೆಯ ಮೂಲತತ್ತ್ವ ಬದಲಾಗದೆ ಉಳಿದದ್ದನ್ನು ಹಿಂದುಳಿದಿರುವಿಕೆಯ ಗುರುತೆಂದು ಓದುವುದು ತಪ್ಪು. ಆ ಕಡಲಿಗೆ ಅದಕ್ಕಿಂತ ತಕ್ಕ ದೋಣಿಯನ್ನು ಯಾರೂ ರೂಪಿಸಲಾಗಲಿಲ್ಲ.

ದೋಣಿಯ ರಚನೆಯಷ್ಟೇ ಮುಖ್ಯವಾದದ್ದು ಅದನ್ನು ನಡೆಸುವ ಕ್ರಮ. ಅಲೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ. ಕೆಲವು ದೊಡ್ಡ ಅಲೆಗಳು ಗುಂಪಾಗಿ ಬಂದು ಹೋದ ಮೇಲೆ ಒಂದಷ್ಟು ಹೊತ್ತು ಸಣ್ಣ ಅಲೆಗಳ ಬಿಡುವು ಸಿಗುತ್ತದೆ. ಹಿಂಬದಿಯಲ್ಲಿ ಉದ್ದನೆಯ ಚುಕ್ಕಾಣಿ ಹುಟ್ಟು ಹಿಡಿದು ನಿಂತ ತಂಡೇಲನು, ಅಂದರೆ ದೋಣಿಯ ಮುಖ್ಯಸ್ಥನು, ಅಲೆಯೊಡೆಯುವ ಹೊರಸಾಲಿನಿಂದಾಚೆ ದೋಣಿಯನ್ನು ತಡೆದು ದೊಡ್ಡ ಅಲೆಗಳು ಹಾದುಹೋಗುವುದನ್ನು ಕಾಯುತ್ತಿದ್ದನು; ಹೊತ್ತು ಕೂಡಿಬಂದಾಗ ಅವನು ಕೂಗಿದೊಡನೆ ಎಂಟು ಹತ್ತು ಹುಟ್ಟುಗಾರರು ಹಾಡಿನ ಲಯಕ್ಕೆ ಒಟ್ಟಾಗಿ ಜಗ್ಗಿ, ಒಡೆದ ಅಲೆಯ ಬೆನ್ನ ಹಿಂದೆಯೇ ದೋಣಿಯನ್ನು ಒಳಕ್ಕೆ ನುಗ್ಗಿಸುತ್ತಿದ್ದರು. ಹಿಂದಿನಿಂದ ಬರುವ ಅಲೆ ಮೊದಲೇ ಎಟುಕಿ ದೋಣಿ ಅಡ್ಡ ತಿರುಗಿತೆಂದರೆ ಅದು ಮಗುಚುವುದು ಖಚಿತವಾಗಿದ್ದುದರಿಂದ, ಮೂಗನ್ನು ನೇರ ದಡಕ್ಕೆ ಹಿಡಿದಿಡುವುದರಲ್ಲಿಯೇ ತಂಡೇಲನ ಕೌಶಲವೆಲ್ಲ ಅಡಗಿತ್ತು. ದಡದ ಸಮೀಪದಲ್ಲಿ ದೋಣಿಗಾರರು ನೀರಿಗೆ ಧುಮುಕಿ ಪ್ರಯಾಣಿಕರನ್ನು ಬೆನ್ನ ಮೇಲೋ ಕುರ್ಚಿಯಲ್ಲೋ ಹೊತ್ತು ಒಣ ಮರಳಿಗೆ ತಲುಪಿಸುತ್ತಿದ್ದರು. ಬಟ್ಟೆಯ ಗಂಟುಗಳು, ನಾಣ್ಯದ ಪೆಟ್ಟಿಗೆಗಳು, ಕುದುರೆಗಳು, ಮದ್ದಿನ ಪೀಪಾಯಿಗಳು ಎಲ್ಲವೂ ಈ ದಾರಿಯಲ್ಲೇ ಬರಬೇಕಾಗಿತ್ತು. ಕನ್ನಡನಾಡಿನ ಚರಿತ್ರೆಯೂ ಈ ಅಲೆಗಳಿಗೆ ಹೊರತಲ್ಲ: 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಮೈಸೂರಿನ ಸೇನೆ ಕಂಪನಿಯ ಸೇನಾಧಿಕಾರಿ ಬೈಲಿಯ ಪಡೆಯನ್ನು ಸೋಲಿಸಿದ ಮೇಲೆ, ಹೈದರ್ ಅಲಿಯನ್ನು ಎದುರಿಸಲು ಕಲಕತ್ತೆಯಿಂದ ಹಡಗಿನಲ್ಲಿ ಬಂದ ಸೇನಾಪತಿ ಐರ್ ಕೂಟ್ ನವೆಂಬರಿನಲ್ಲಿ ಇಳಿದದ್ದು ಬಂದರಿಲ್ಲದ ಇದೇ ದಡದಲ್ಲಿ.

ಮಸೂಲಾ ದೋಣಿಯೂ ಹೋಗಲಾಗದ ದಿನಗಳಲ್ಲಿ ಉಳಿಯುತ್ತಿದ್ದ ಕೊನೆಯ ದಾರಿ ಕಟ್ಟುಮರ. ಹಗುರ ಮರದ ಮೂರರಿಂದ ಐದು ದಿಮ್ಮಿಗಳನ್ನು ಕೆತ್ತಿ, ಮುಂತುದಿಯನ್ನು ಮೇಲಕ್ಕೆ ಬಾಗಿಸಿ, ಹಗ್ಗದಿಂದ ಬಿಗಿದು ಮಾಡುವ ಈ ತೆಪ್ಪದಲ್ಲಿ ನೀರು ತುಂಬಿಕೊಳ್ಳುವ ಒಡಲೇ ಇಲ್ಲದ್ದರಿಂದ ಅದು ಮುಳುಗುವ ಮಾತಿರಲಿಲ್ಲ. ಅಲೆ ಸವಾರನನ್ನು ಕೊಚ್ಚಿಕೊಂಡು ಹೋದರೂ ಅವನು ಈಜಿ ಬಂದು ಮತ್ತೆ ಏರುತ್ತಿದ್ದನು, ಕೆಲಸ ಮುಗಿದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಒಣಗಲು ಹಾಕುತ್ತಿದ್ದನು. ಹಡಗಿಗೂ ಕೋಟೆಗೂ ನಡುವಿನ ಪತ್ರಗಳನ್ನು ಕಟ್ಟುಮರದವರು ನೀರು ತಾಗದ ಚೂಪು ಟೋಪಿಯೊಳಗೆ ಇಟ್ಟುಕೊಂಡು ಸಾಗಿಸುತ್ತಿದ್ದರು. ಕೆಟ್ಟ ಹವೆಯಲ್ಲಿ ಮಸೂಲಾ ದೋಣಿಯ ಪಕ್ಕದಲ್ಲೇ ಕಟ್ಟುಮರಗಳು ಕಾವಲಾಗಿ ಸಾಗುತ್ತಿದ್ದವು; ಮಗುಚಿದ ದೋಣಿಯವರನ್ನು ಉಳಿಸಿದವರಿಗೆ ಸರ್ಕಾರ ಪದಕ ಕೊಡುತ್ತಿತ್ತು. ಮೀನು ಹಿಡಿದು ಮರಳುವಾಗ ಕಟ್ಟುಮರದವನು ಒಡೆಯುವ ಅಲೆಯ ಇಳಿಜಾರನ್ನು ಹಿಡಿದು ಅದರ ವೇಗದಲ್ಲೇ ದಡಕ್ಕೆ ಜಾರಿಬರುವ ಕ್ರಿಯೆಗೂ ಇಂದಿನ ಸರ್ಫಿಂಗಿಗೂ ಭೌತಶಾಸ್ತ್ರದ ದೃಷ್ಟಿಯಿಂದ ಭೇದವಿಲ್ಲ.

ಈ ಕಸುಬಿನವರ ಜೊತೆ ಕಂಪನಿಯ ಸಂಬಂಧ ಎಂದೂ ಸಲೀಸಾಗಿರಲಿಲ್ಲ. ಮಾಸ್ಟರ್ ಅಟೆಂಡೆಂಟ್ ಎಂಬ ಅಧಿಕಾರಿ ದಡದ ಕಚೇರಿಯಲ್ಲಿ ಕುಳಿತು, ಅಲೆ ದಾಟುವುದು ಅಪಾಯಕರವಾದ ದಿನ ಎಚ್ಚರಿಕೆಯ ಬಾವುಟ ಏರಿಸುತ್ತಿದ್ದನು. ದೋಣಿಗಳಿಗೆ ದರ ಗೊತ್ತುಮಾಡಲಾಗಿತ್ತು. ಯುರೋಪಿನ ಪ್ರವಾಸಿಗಳು ದೋಣಿಗಾರರ ಧೈರ್ಯವನ್ನು ಹೊಗಳಿ, ಅದೇ ಉಸಿರಿನಲ್ಲಿ ಅವರು ನಡುನೀರಿನಲ್ಲಿ ಹೆಚ್ಚಿನ ಹಣ ಕೇಳುತ್ತಾರೆಂದು ದೂರಿದ್ದಾರೆ. ಆ ದೂರುಗಳನ್ನು ಓದುವಾಗ, ಪ್ರತಿ ಯಾತ್ರೆಯಲ್ಲೂ ಜೀವವನ್ನು ಒತ್ತೆಯಿಡುತ್ತಿದ್ದವರು ತಮ್ಮ ಕೂಲಿಗಾಗಿ ಚೌಕಾಶಿ ಮಾಡಲು ಸಾಧ್ಯವಿದ್ದ ಒಂದೇ ಜಾಗ ಅದಾಗಿತ್ತು ಎಂಬುದನ್ನೂ ನೆನಪಿಡುವುದು ನ್ಯಾಯ. ಸಂಘಟಿತ ಸಮುದಾಯವಾಗಿ ಅವರಿಗಿದ್ದ ಶಕ್ತಿಗೆ ರಾಯಪುರಂನಲ್ಲಿ ದೋಣಿಗಾರರು ಕಟ್ಟಿಸಿದ ಸೇಂಟ್ ಪೀಟರ್ಸ್ ಚರ್ಚ್ ಇಂದಿಗೂ ಸಾಕ್ಷಿಯಾಗಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಬೆ ಹಡಗುಗಳೂ ರೈಲೂ ಬಂದ ಮೇಲೆ ಅಲೆಗಾಗಿ ಕಾಯುವ ವ್ಯವಧಾನ ವ್ಯಾಪಾರಕ್ಕೆ ಉಳಿಯಲಿಲ್ಲ. 1860ರ ದಶಕದ ಆರಂಭದಲ್ಲಿ ಅಲೆಯೊಡೆಯುವ ಸಾಲುಗಳನ್ನು ದಾಟಿ ಆಳ ನೀರಿನವರೆಗೆ ಚಾಚುವ ಕಬ್ಬಿಣದ ಕಟ್ಟೆಯೊಂದನ್ನು ನಿರ್ಮಿಸಲಾಯಿತಾದರೂ 1872ರ ಚಂಡಮಾರುತ ಅದನ್ನು ಮುರಿಯಿತು. 1875ರ ಡಿಸೆಂಬರಿನಲ್ಲಿ ಬ್ರಿಟಿಷ್ ಯುವರಾಜನ ಕೈಯಿಂದ ಕೃತಕ ಬಂದರಿಗೆ ಶಿಲಾನ್ಯಾಸವಾಯಿತು; ದಡದಿಂದ ಹೊರಟು ಕಡಲಲ್ಲಿ ಒಂದರತ್ತ ಒಂದು ಬಾಗುವ ಎರಡು ತಡೆಗೋಡೆಗಳ ಆ ಬಂದರು ಮುಗಿಯುವ ಹಂತಕ್ಕೆ ಬಂದಿದ್ದಾಗ, 1881ರ ನವೆಂಬರಿನ ಚಂಡಮಾರುತ ಗೋಡೆಗಳನ್ನು ಕೆಡವಿತು. ಮತ್ತೆ ಕಟ್ಟಿದ ಬಂದರು ಶತಮಾನದ ಕೊನೆಯ ದಶಕದಲ್ಲಿ ಪೂರ್ಣಗೊಂಡರೂ ಪೂರ್ವಕ್ಕೆ ತೆರೆದಿದ್ದ ಅದರ ಬಾಯಿಯಿಂದ ಅಲೆಗಳು ಒಳನುಗ್ಗುತ್ತಿದ್ದುದರಿಂದ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೋರ್ಟ್ ಟ್ರಸ್ಟಿನ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಸ್ಪ್ರಿಂಗ್ ಆ ಬಾಯಿಯನ್ನು ಮುಚ್ಚಿಸಿ ಈಶಾನ್ಯದಲ್ಲಿ ಹೊಸ ದಾರಿ ತೆರೆಸಿದನು. ಅಲ್ಲಿಗೆ ಮಸೂಲಾ ದೋಣಿಗಾರರ ಕಸುಬಿನ ಕಾಲ ಮುಗಿಯಿತು.

ಆದರೆ ಗೋಡೆ ಅಲೆಯನ್ನು ತಡೆದಂತೆ ಮರಳನ್ನೂ ತಡೆಯಿತು. ಕೋರಮಂಡಲದ ದಡಕ್ಕೆ ಅಲೆಗಳು ಓರೆಯಾಗಿ ಬಡಿಯುವುದರಿಂದ ಮರಳು ದಡದುದ್ದಕ್ಕೂ ಹರಿಯುತ್ತಿರುತ್ತದೆ. ವರ್ಷದ ಹೆಚ್ಚಿನ ತಿಂಗಳು ದಕ್ಷಿಣದಿಂದ ಉತ್ತರಕ್ಕೆ, ಈಶಾನ್ಯ ಮಾರುತದ ಕಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ. ಉತ್ತರಮುಖದ ಈ ಹರಿವು ಬಂದರಿನ ದಕ್ಷಿಣ ಗೋಡೆಗೆ ತಾಗಿ ನಿಂತಾಗ ಅಲ್ಲಿ ಮರಳು ಪೇರಿ ಕಡಲು ಹಿಂದೆ ಸರಿಯಿತು. 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ವಾಯುವಿಹಾರದ ದಾರಿ ಮಾಡಿಸಿ ಮರೀನಾ ಎಂದು ಹೆಸರಿಟ್ಟ ತೀರದ ಇಂದಿನ ವಿಸ್ತಾರ ಬಹುಮಟ್ಟಿಗೆ ಬಂದರಿನ ಕೊಡುಗೆ. ಮರಳು ತಲುಪದ ಉತ್ತರದ ಬದಿಯಲ್ಲಿ, ಅದೇ ದೋಣಿಗಾರರೂ ಮೀನುಗಾರರೂ ನೆಲೆಸಿದ್ದ ರಾಯಪುರಂನಿಂದ ತಿರುವೊಟ್ಟಿಯೂರಿನವರೆಗೆ, ಕಡಲು ನೆಲವನ್ನು ಕೊರೆದು ಮನೆಗಳನ್ನೂ ಬೀದಿಗಳನ್ನೂ ನುಂಗಿತು. ಒಂದು ನಗರದ ಜನ ಗಾಳಿ ಸೇವಿಸುವ ತೀರವೂ ಇನ್ನೊಂದು ಸಮುದಾಯ ಕಳೆದುಕೊಂಡ ದಡವೂ ಒಂದೇ ಗೋಡೆಯ ಎರಡು ಫಲಗಳು. ನೂರು ವರ್ಷಗಳ ಬಳಿಕ, 1980ರ ದಶಕದ ಕೊನೆಯಲ್ಲಿ, ಪುದುಚೇರಿಯಲ್ಲಿ ಕಟ್ಟಿದ ತಡೆಗೋಡೆಗಳೂ ಉತ್ತರದ ತೀರದ ಮರಳನ್ನು ಇಲ್ಲವಾಗಿಸಿದವು ಎಂಬುದು ಮದರಾಸಿನ ಪಾಠವನ್ನು ಯಾರೂ ಕಲಿಯಲಿಲ್ಲವೆಂಬುದಕ್ಕೆ ನಿದರ್ಶನ.

ಬಂದರಿನ ಕೆಲಸ ಕೈತಪ್ಪಿದ ಮೇಲೂ ಹೊಲಿಗೆ ದೋಣಿ ದಡದಿಂದ ಎಳೆಯುವ ದೊಡ್ಡ ಬಲೆಗಳ ಮೀನುಗಾರಿಕೆಯಲ್ಲಿ ದಶಕಗಳ ಕಾಲ ಉಳಿಯಿತು. ಕಟ್ಟುಮರ ಇನ್ನೂ ದೀರ್ಘ ಕಾಲ ಬಾಳಿತು. 1980ರ ದಶಕದಿಂದ ಹರಡಿದ ಫೈಬರ್ ದೋಣಿಗಳು, 2004ರ ಸುನಾಮಿಯ ಬಳಿಕ ಪರಿಹಾರವಾಗಿ ದೊಡ್ಡ ಸಂಖ್ಯೆಯಲ್ಲಿ ಬಂದಾಗ ಕಟ್ಟುಮರವನ್ನು ಬಹುತೇಕ ಬದಿಗೆ ಸರಿಸಿದವು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಈ ಕರಾವಳಿಗೆ ಸರ್ಫಿಂಗ್ ಕಾಲಿಟ್ಟಿತು. ಹವಾಯಿಯ ಜನ ಶತಮಾನಗಳಿಂದ ರೂಢಿಸಿಕೊಂಡಿದ್ದ, 1779ರಲ್ಲಿ ಕ್ಯಾಪ್ಟನ್ ಕುಕ್‌ನ ನೌಕಾಯಾತ್ರೆಯ ಜೇಮ್ಸ್ ಕಿಂಗ್ ಬೆರಗಿನಿಂದ ಬರೆದಿಟ್ಟ ಈ ಕ್ರೀಡೆ ಭಾರತಕ್ಕೆ ಹೊರಗಿನಿಂದ ಬಂದದ್ದೇ ಹೊರತು ಕಟ್ಟುಮರದಿಂದ ಹುಟ್ಟಿದ್ದಲ್ಲ. ಅಂಥ ವಂಶಾವಳಿ ಕಟ್ಟುವುದಕ್ಕೆ ಆಧಾರವಿಲ್ಲ. ಆದರೂ ಚೆನ್ನೈನ ದಕ್ಷಿಣಕ್ಕಿರುವ ಕೋವಳಂನಲ್ಲಿ ಅದನ್ನು ಬೇಗನೆ ತಮ್ಮದಾಗಿಸಿಕೊಂಡವರು ಮೀನುಗಾರರ ಮನೆಯ ಯುವಕರು ಎಂಬುದಕ್ಕೆ ಅರ್ಥವಿದೆ: ದಿಬ್ಬ ಎಲ್ಲಿದೆ, ದೊಡ್ಡ ಅಲೆಗಳ ನಡುವಿನ ಬಿಡುವು ಯಾವಾಗ, ಹೊರಕ್ಕೆ ಸೆಳೆಯುವ ನೀರು ಎಲ್ಲಿ ಎಂಬ, ಹೊಸಬರಿಗೆ ವರ್ಷಗಟ್ಟಲೆ ದಕ್ಕದ ತಿಳಿವಳಿಕೆ ಅವರಿಗೆ ಬಾಲ್ಯದಿಂದಲೇ ಇತ್ತು.

ಕರ್ನಾಟಕದ ಕರಾವಳಿಯಲ್ಲಿಯೂ ಇದೇ ಬಗೆಯ ಬೆಳವಣಿಗೆ ಕಾಣುತ್ತದೆ. 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು ಆರಂಭವಾಗುವವರೆಗೆ ದೊಡ್ಡ ಹಡಗುಗಳು ಅಳಿವೆಯ ಮರಳು ದಿಬ್ಬ ದಾಟಲಾಗದೆ ಮಂಗಳೂರಿನ ಹೊರಗೆ ನಿಲ್ಲುತ್ತಿದ್ದವು, ಸರಕನ್ನು ಸಣ್ಣ ನೌಕೆಗಳು ಸಾಗಿಸುತ್ತಿದ್ದವು. ದಡದಿಂದ ರಂಪಣಿ ಬಲೆ ಹಾಕುತ್ತಿದ್ದ ಮೊಗವೀರರಿಗೆ ಅಲೆ ದಾಟುವುದು ದಿನದ ಕೆಲಸವಾಗಿತ್ತು. 2004ರಲ್ಲಿ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದ ಮೇಲೆ, ಶಾಂಭವಿ ಮತ್ತು ನಂದಿನಿ ನದಿಗಳು ಕಡಲನ್ನು ಸೇರುವ ಸಸಿಹಿತ್ಲುವಿನ ಆಸುಪಾಸಿನ, ಜನಸಂದಣಿಯಿಲ್ಲದ ಅಲೆಗಳು ದೇಶದ ಗಮನ ಸೆಳೆದವು. 2016ರಲ್ಲಿ ಅಲ್ಲಿ ಭಾರತೀಯ ಮುಕ್ತ ಸರ್ಫಿಂಗ್ ಸ್ಪರ್ಧೆ ನಡೆಯಿತು. ಆ ಅಲೆಗಳಿಗೆ ರೂಪ ಕೊಡುವುದು ಅಳಿವೆಯ ಮರಳು, ಆ ಮರಳಿನ ಹರಿವಿಗೆ ಅಡ್ಡ ಬಂದರೆ ಅಲೆಯೂ ದಡವೂ ಎರಡೂ ಕೆಡುತ್ತವೆ.

ಮದರಾಸಿನ ಬಂದರಿನ ಚರಿತ್ರೆಯನ್ನು ಕಲ್ಲಿನ ಗೋಡೆಯಿಂದ ಆರಂಭಿಸುವ ರೂಢಿಯನ್ನು ಈ ಕಾರಣಗಳಿಂದ ಬಿಡಬೇಕಾಗಿದೆ. ಗೋಡೆ ಕಟ್ಟುವ ಮೊದಲಿನ ಎರಡೂವರೆ ಶತಮಾನ ಆ ಪಟ್ಟಣಕ್ಕೆ ಬಂದರಾಗಿ ನಿಂತದ್ದು ಹೊಲಿದ ಹಲಗೆ, ಕಟ್ಟಿದ ದಿಮ್ಮಿ ಮತ್ತು ಅಲೆಯ ತಿಳಿವು. ಮರಳು ಒಂದೆಡೆ ನಿಲ್ಲುವುದಿಲ್ಲ ಎಂಬುದನ್ನು ಎಂಜಿನಿಯರರಿಗಿಂತ ಮೊದಲೇ ಅರಿತು, ಅದಕ್ಕೆ ಹೊಂದಿ ಬದುಕಿದವರು ದೋಣಿಗಾರರು. ಕಟ್ಟುಮರ ಕಟ್ಟಿ ನಡೆಸಿದ ತಲೆಮಾರಿನ ಹಿರಿಯರು ಕೋರಮಂಡಲದ ಊರುಗಳಲ್ಲಿ, ರಂಪಣಿ ಎಳೆದವರು ತುಳುನಾಡಿನ ಊರುಗಳಲ್ಲಿ ಈಗಲೂ ಇದ್ದಾರೆ. ಅವರ ತಿಳಿವನ್ನು ಅವರ ಮಾತಿನಲ್ಲೇ ದಾಖಲಿಸಿ, ಹೊಸ ತಡೆಗೋಡೆಯ ನಕ್ಷೆ ಬರೆಯುವ ಮೊದಲು ಅದನ್ನು ಸಾಕ್ಷ್ಯವಾಗಿ ಪರಿಗಣಿಸುವುದು ಚರಿತ್ರೆಕಾರರೂ ಆಡಳಿತಗಾರರೂ ಕೂಡಿ ಮಾಡಬೇಕಾದ ಕೆಲಸ.