ಕೊಂಡಿಯ ಮಾತೇ ಊರಿನ ಗುರುತು: ಆಂಕರ್ ಟೆಕ್ಸ್ಟ್ ಹೆಕ್ಕುವುದು ಹೇಗೆ?

ಗುಮಟಾಪುರ (ತಾಳವಾಡಿ): ದೀಪಾವಳಿ ಮುಗಿದ ಬೆನ್ನಿಗೇ ಗುಮಟಾಪುರದ ಬೀರೇಶ್ವರ ದೇವರ ಸನ್ನಿಧಿಯಲ್ಲಿ ನಡೆಯುವ ಹಬ್ಬಕ್ಕೆ ಕನ್ನಡದಲ್ಲಿ ಗೊರೆಹಬ್ಬ ಎನ್ನುತ್ತಾರೆ. ತಮಿಳು ಪತ್ರಿಕೆಗಳು ಸಾಣಿಯಡಿ ತಿರುವಿಳಾ ಎಂದು ಬರೆಯುತ್ತವೆ. ಇಂಗ್ಲಿಷಿನಲ್ಲಿ ಅದು ‘ಕೌ ಡಂಗ್ ಫೈಟ್’, ಅಂದರೆ ಸಗಣಿ ಕಾಳಗ. 2021ರಲ್ಲಿ ಎಎಫ್‌ಪಿ ಸುದ್ದಿಸಂಸ್ಥೆಯ ವರದಿ ಇದನ್ನು ಸ್ಪೇನಿನ ಟೊಮ್ಯಾಟೊ ಹಬ್ಬಕ್ಕೆ ಹೋಲಿಸಿ ಜಗತ್ತಿಗೆ ಪರಿಚಯಿಸಿತು. 2025ರಲ್ಲಿ ಅಮೆರಿಕದ ಯೂಟ್ಯೂಬರ್ ಒಬ್ಬರು ಹಬ್ಬವನ್ನು ಹೇಸಿಗೆಯೆಂಬಂತೆ ತೋರಿಸಿದ ವಿಡಿಯೋ ವಿವಾದಕ್ಕೆ ಕಾರಣವಾಯಿತು.

ಹಬ್ಬ ಒಂದೇ, ಹೆಸರು ಹಲವು. ಅಂತರ್ಜಾಲದಲ್ಲಿ ಯಾವ ಹೆಸರು ಗಟ್ಟಿಯಾಗುತ್ತದೆ ಎಂಬುದರಲ್ಲಿ ಬೇರೆಯವರು ಕೊಡುವ ಕೊಂಡಿಗಳ ಪಾತ್ರ ದೊಡ್ಡದು.

ಏನಿದು ಆಂಕರ್ ಟೆಕ್ಸ್ಟ್?

ಒಂದು ಜಾಲತಾಣದಿಂದ ಇನ್ನೊಂದಕ್ಕೆ ಹೋಗಲು ಕೊಡುವ ದಾರಿಯೇ ಕೊಂಡಿ. ಹೊರಗಿನ ತಾಣವೊಂದು ನಮ್ಮ ಪುಟಕ್ಕೆ ಕೊಟ್ಟ ಕೊಂಡಿ ನಮ್ಮ ಪಾಲಿಗೆ ಬ್ಯಾಕ್‌ಲಿಂಕ್. ಅದರಲ್ಲಿ ಓದುಗರ ಕಣ್ಣಿಗೆ ಬೀಳುವ, ಒತ್ತಿದರೆ ಪುಟ ತೆರೆಯುವ ಪದಗಳೇ ಆಂಕರ್ ಟೆಕ್ಸ್ಟ್. ಆ ಪದಗಳನ್ನು ಆರಿಸುವವರು ಕೊಂಡಿ ಕೊಟ್ಟವರೇ ಹೊರತು ಪುಟದ ಒಡೆಯರಲ್ಲ.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಗೂಗಲ್ ಕುರಿತ ತಮ್ಮ ಪ್ರಬಂಧದಲ್ಲಿ, ಪುಟದ ಬಗ್ಗೆ ಪುಟವೇ ಹೇಳಿಕೊಳ್ಳುವುದಕ್ಕಿಂತ ಕೊಂಡಿಯ ಪದಗಳು ಎಷ್ಟೋ ಸಲ ಸರಿಯಾದ ವಿವರ ಕೊಡುತ್ತವೆ ಎಂದಿದ್ದರು. ಆಗ ಅವರು ಸಂಗ್ರಹಿಸಿದ್ದ 2.4 ಕೋಟಿ ಪುಟಗಳಲ್ಲಿ 25.9 ಕೋಟಿಗೂ ಹೆಚ್ಚು ಕೊಂಡಿಪದಗಳಿದ್ದವು.

ಇದರ ದುರುಪಯೋಗವೂ ಆಯಿತು. 2003ರಲ್ಲಿ ಹಲವರು ಸೇರಿ ‘ಮಿಸರಬಲ್ ಫೇಲ್ಯೂರ್’ (ಹೀನಾಯ ಸೋಲು) ಎಂಬ ಪದಗಳಿಂದ ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯ ಪುಟಕ್ಕೆ ಕೊಂಡಿ ಕೊಟ್ಟರು. ಆ ಪದ ಹುಡುಕಿದವರಿಗೆ ಬುಷ್ ಪುಟವೇ ಮೊದಲು ಸಿಗತೊಡಗಿತು. 2007ರಲ್ಲಿ ಗೂಗಲ್ ಇಂಥ ಚೇಷ್ಟೆಗೆ ಕಡಿವಾಣ ಹಾಕಿತು. ಆದರೂ ಪುಟದ ವಿಷಯ ತಿಳಿಯಲು ಕೊಂಡಿಪದವನ್ನು ನೋಡುವ ಪದ್ಧತಿ ನಿಂತಿಲ್ಲ.

ಹೆಕ್ಕುವ ಕ್ರಮ

ಸ್ವಂತ ತಾಣ ಇರುವವರಿಗೆ ಸುಲಭದ ದಾರಿ ಗೂಗಲ್ ಸರ್ಚ್ ಕನ್ಸೋಲ್. ಇದು ಉಚಿತ. ಅದರ ‘ಲಿಂಕ್ಸ್’ ವಿಭಾಗದಲ್ಲಿ ಯಾವ ತಾಣಗಳು ಕೊಂಡಿ ಕೊಟ್ಟಿವೆ, ಯಾವ ಪದಗಳು ಹೆಚ್ಚಾಗಿ ಬಳಕೆಯಾಗಿವೆ ಎಂಬ ಪಟ್ಟಿ ಸಿಗುತ್ತದೆ. ಬೇರೆಯವರ ತಾಣವನ್ನು ಅಭ್ಯಾಸ ಮಾಡುವವರು ಕಾಮನ್ ಕ್ರಾಲ್ ಸಂಸ್ಥೆಯ ಉಚಿತ ಸಂಗ್ರಹ ಬಳಸಬಹುದು.

ಕೈಯಾರೆ ಮಾಡುವುದಾದರೆ ಕ್ರಮ ಹೀಗಿದೆ:

1. ಕೊಂಡಿ ಕೊಟ್ಟ ಪುಟಗಳ ವಿಳಾಸಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಇಳಿಸಿಕೊಳ್ಳಬೇಕು.

2. ಪುಟದ ಮೂಲ ಬರಹದಲ್ಲಿ ‘ಎ’ ಎಂಬ ಗುರುತುಗಳನ್ನು ಹುಡುಕಬೇಕು. ಅದರ ‘ಹೆಚ್‌ರೆಫ್’ ಭಾಗದಲ್ಲಿ ನಮ್ಮ ತಾಣದ ವಿಳಾಸ ಇದ್ದರೆ ಮಾತ್ರ ಉಳಿಸಿಕೊಳ್ಳಬೇಕು. ಪೈಥಾನ್ ಭಾಷೆಯ ಬ್ಯೂಟಿಫುಲ್ ಸೂಪ್ ತಂತ್ರಾಂಶ ಈ ಕೆಲಸ ಮಾಡುತ್ತದೆ.

3. ಗುರುತಿನ ಒಳಗಿರುವ ಪದಗಳನ್ನು ಹೆಕ್ಕಬೇಕು. ಪದಗಳ ಬದಲು ಚಿತ್ರ ಇದ್ದರೆ ಅದರ ‘ಆಲ್ಟ್’ ವಿವರವೇ ಆಂಕರ್ ಟೆಕ್ಸ್ಟ್.

4. ‘ನೋಫಾಲೋ’ ಎಂಬ ಸೂಚನೆ ಇದೆಯೇ ಎಂದು ಬರೆದುಕೊಳ್ಳಬೇಕು. ‘ಈ ಕೊಂಡಿಗೆ ನನ್ನ ಶಿಫಾರಸು ಇಲ್ಲ’ ಎಂದು ಶೋಧ ಎಂಜಿನ್‌ಗೆ ತಿಳಿಸುವ ಈ ಗುರುತು 2005ರಲ್ಲಿ ಬಂತು.

5. ಕೊನೆಗೆ ಪದವಾರು ಎಣಿಸಬೇಕು.

ಎಣಿಕೆಯಲ್ಲಿ ಎಚ್ಚರ ಅಗತ್ಯ. ಉದಾಹರಣೆಗೆ, ಒಂದು ಪುಟಕ್ಕೆ 40 ಕೊಂಡಿಗಳಿವೆ, ಅವುಗಳಲ್ಲಿ 30 ಒಂದೇ ತಾಣದ ಎಲ್ಲ ಪುಟಗಳ ಅಡಿಯಲ್ಲಿ ಅಚ್ಚಾದವು ಎಂದುಕೊಳ್ಳಿ. ಅದು 30 ಜನರ ಅಭಿಪ್ರಾಯವಲ್ಲ, ಒಬ್ಬರದೇ. ಆದ್ದರಿಂದ ಎಷ್ಟು ಕೊಂಡಿ ಎನ್ನುವುದಕ್ಕಿಂತ ಎಷ್ಟು ಬೇರೆ ಬೇರೆ ತಾಣಗಳು ಆ ಪದ ಬಳಸಿವೆ ಎಂಬ ಲೆಕ್ಕವೇ ಮುಖ್ಯ.

ಎರಡು ಭಾಷೆಯ ತೊಡಕು

ಗಡಿ ಊರುಗಳ ಹೆಸರಿನಲ್ಲಿ ಎಣಿಕೆ ಇನ್ನೂ ಕಷ್ಟ. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಹೀಗಾಗಿ ಅಲ್ಲಿಂದ ಯಂತ್ರದ ಮೂಲಕ ಲಿಪ್ಯಂತರ ಮಾಡಿದರೆ ಗುಮಟಾಪುರ ‘ಕುಮಟಾಪುರಂ’ ಆಗಿಬಿಡಬಹುದು. ಇಂಗ್ಲಿಷಿನಲ್ಲಿ ನಡುವೆ ಒಂದು ‘ಎಮ್’ ಇಡುವವರಿದ್ದಾರೆ, ಎರಡು ಇಡುವವರೂ ಇದ್ದಾರೆ. ಕನ್ನಡದಲ್ಲೇ ಗೊರೆಹಬ್ಬ, ಗೋರೆಹಬ್ಬ ಎರಡೂ ಇವೆ.

ಕಣ್ಣಿಗೆ ಕಾಣದ ತೊಡಕೂ ಇದೆ. ‘ಗೊ’ ಅಕ್ಷರದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎರಡು ತುಂಡಾಗಿಯೂ ಬರೆಯಬಹುದು. ಓದುವವರಿಗೆ ಒಂದೇ ಪದ, ಗಣಕಕ್ಕೆ ಎರಡು. ಎಣಿಸುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಈ ತೊಂದರೆ ತಪ್ಪುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿದ್ದ ಪುಟಗಳಿಂದ ಹೆಕ್ಕಿದ ಪದಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬರುತ್ತವೆ. ಅವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು.

ಪಟ್ಟಿಯಿಂದ ಪ್ರಯೋಜನವೇನು?

ಪಟ್ಟಿಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದೇ ತುಂಬಿದ್ದರೆ ಆ ಕೊಂಡಿಗಳು ಪುಟದ ಬಗ್ಗೆ ಏನೂ ಹೇಳುತ್ತಿಲ್ಲ ಎಂದರ್ಥ. ‘ಸಗಣಿ ಕಾಳಗ’ ಎಂಬುದೇ ತುಂಬಿ, ಬೀರೇಶ್ವರನ ಹೆಸರಾಗಲೀ ಊರಿನ ಹೆಸರಾಗಲೀ ಇಲ್ಲದಿದ್ದರೆ, ಹುಡುಕುವವರಿಗೆ ಹಬ್ಬ ಸಿಕ್ಕೀತು, ಅದರ ಹಿಂದಿನ ಭಕ್ತಿ ಸಿಗಲಾರದು. ಬೇರೆಯವರು ಬರೆದದ್ದನ್ನು ತಿದ್ದುವ ಅಧಿಕಾರ ಊರಿನವರಿಗಿಲ್ಲ. ಆದರೆ ಕೊಂಡಿ ಕೊಟ್ಟ ತಾಣಕ್ಕೆ ಬರೆದು ಸರಿಯಾದ ಹೆಸರು ಹಾಕುವಂತೆ ಕೇಳಬಹುದು. ಹೊರ ಊರುಗಳಲ್ಲಿ ತಾಣ ನಡೆಸುವ ಬಂಧುಮಿತ್ರರಿಗೆ ‘ಗುಮಟಾಪುರ ಬೀರೇಶ್ವರ ಗೊರೆಹಬ್ಬ’ ಎಂದೇ ಕೊಂಡಿ ಕೊಡಲು ಹೇಳಬಹುದು. ಊರಿನದೇ ಒಂದು ಪುಟ ಮಾಡಿ, ಕನ್ನಡ ಮತ್ತು ತಮಿಳು ಎರಡರಲ್ಲೂ ಹೆಸರನ್ನು ಸ್ಪಷ್ಟವಾಗಿ ಹಾಕಿದರೆ ಮುಂದೆ ಬರೆಯುವವರಿಗೆ ನೋಡಿ ಬರೆಯಲು ಒಂದು ಮಾದರಿಯಾದರೂ ಇರುತ್ತದೆ.